ಲೇಯರ್ ತಿರುಗಿಸುವುದು, ಆಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹನುಮಂತನಗರದ ನಮ್ಮ ಮನೆ ಮಹಡಿಯಲ್ಲಿ ಶನಿವಾರ ಸಂಜೆ ಆ್ಯಪ್ ಬರೆಯಲು ಕಲಿಯುವವರು ಒಂದಷ್ಟು ಜನ ಸೇರುತ್ತೇವೆ. ಆಗಷ್ಟೇ ಕಾಲೇಜು ಮುಗಿಸಿದ ಮಕ್ಕಳಿದ್ದಾರೆ, ಕೆಲಸ ಬದಲಿಸಬೇಕು ಅಂದುಕೊಂಡವರಿದ್ದಾರೆ, ನಿವೃತ್ತರಾದ ಗಣಿತದ ಮೇಷ್ಟ್ರು ಒಬ್ಬರಿದ್ದಾರೆ. ಬಟನ್ನು, ಪಟ್ಟಿ, ಲಾಗಿನ್ ಪರದೆ ಎಲ್ಲ ಸಲೀಸಾಗಿ ಬರುತ್ತದೆ. ಒಂದು ಚಿತ್ರವನ್ನು ತಿರುಗಿಸಬೇಕು ಅಂದ ಕೂಡಲೇ ಎಲ್ಲರೂ ಎಡವುತ್ತಾರೆ, ಅದೂ ಒಂದೇ ಜಾಗದಲ್ಲಿ. ಅಲ್ಲಿ ಕೇಳಿದ್ದನ್ನೇ ವಾಟ್ಸ್‌ಆ್ಯಪ್‌ನಲ್ಲಿ, ಮೇಲ್‌ನಲ್ಲಿ ಬೇರೆಯವರೂ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಜಾಸ್ತಿ ಮಾತು ಐಫೋನಿನ ಪರದೆಯಲ್ಲಿ ಚಿತ್ರಗಳನ್ನು ತೋರಿಸಿ ಆಡಿಸುವ ಕೋರ್ ಅನಿಮೇಷನ್ ಬಗ್ಗೆ ಇದೆ. ಆಂಡ್ರಾಯ್ಡ್, ಎರಡೂ ಬಗೆಯ ಫೋನಿಗೆ ಒಟ್ಟಿಗೇ ಆ್ಯಪ್ ಬರೆಯಲು ಬಳಸುವ ಫ್ಲಟರ್ ಎಲ್ಲಿ ಬೇರೆ ದಾರಿ ಹಿಡಿಯುತ್ತವೋ ಅಲ್ಲಲ್ಲಿ ಹೇಳಿದ್ದೇನೆ.

## ಶುರುವಿನಲ್ಲಿ

ಲೇಯರ್ ಅಂದ್ರೆ ಏನಕ್ಕಾ? ವ್ಯೂ ಇದೆಯಲ್ಲ, ಅದು ಸಾಲದಾ?

ವ್ಯೂ ಅಂದರೆ ಬಟನ್ನು, ಚಿತ್ರದಂಥ ಪರದೆಯ ಒಂದು ತುಂಡು. ಐಫೋನಿನಲ್ಲಿ ಪ್ರತಿಯೊಂದು ವ್ಯೂ ಹಿಂದೆಯೂ ಒಂದು ಲೇಯರ್ ಇರುತ್ತದೆ. ಬೆರಳು ತಾಗಿದ್ದು ಗೊತ್ತಾಗುವುದು ವ್ಯೂಗೆ. ಪರದೆಯ ಮೇಲೆ ಕಾಣುವುದು ಲೇಯರ್. ಬಣ್ಣ, ಮೂಲೆಯ ದುಂಡು, ನೆರಳು, ತಿರುವು ಎಲ್ಲ ಲೇಯರ್‌ನದೇ ಗುಣಗಳು. ನೀವು ವ್ಯೂ ತಿರುಗಿಸಿದರೂ ಒಳಗೆ ತಿರುಗುವುದು ಲೇಯರೇ.

ಈ ಏರ್ಪಾಡಿನ ಹೆಸರು ಕೋರ್ ಅನಿಮೇಷನ್. ಮ್ಯಾಕ್‌ಗೆ ಇದು 2007ರಲ್ಲಿ ಲೆಪರ್ಡ್ ಆವೃತ್ತಿಯ ಜೊತೆ ಬಂತು. ಸರಳ ತಿರುವಿಗೆ ವ್ಯೂ ಸಾಕು. ಪದೇ ಪದೇ ಸುತ್ತಬೇಕು, ಮೂರು ಆಯಾಮದಲ್ಲಿ ಮಗುಚಬೇಕು, ನಡುವೆ ನಿಲ್ಲಿಸಿ ಮುಂದುವರಿಸಬೇಕು ಅಂದರೆ ಲೇಯರ್ ತನಕ ಇಳಿದರೆ ಕೆಲಸ ಸುಲಭ.

90 ಅಂತ ಕೊಟ್ಟೆ. ಚಿತ್ರ ಓರೆಯಾಗಿ ಎಲ್ಲೋ ನಿಂತಿದೆ!

ಕೋರ್ ಅನಿಮೇಷನ್‌ಗೆ ಡಿಗ್ರಿ ಗೊತ್ತಿಲ್ಲ, ಅದು ಎಣಿಸುವುದು ರೇಡಿಯನ್‌ನಲ್ಲಿ. ಒಂದು ಪೂರ್ತಿ ಸುತ್ತಿಗೆ 2 ಪೈ, ಅಂದರೆ ಸುಮಾರು 6.283 ರೇಡಿಯನ್. ನೀವು ಕೊಟ್ಟ 90 ರೇಡಿಯನ್‌ನಲ್ಲಿ 14 ಪೂರ್ತಿ ಸುತ್ತುಗಳು ಮುಗಿದು, ಮೇಲೆ ಸುಮಾರು 117 ಡಿಗ್ರಿ ಉಳಿಯುತ್ತದೆ. ಚಿತ್ರ ನಿಂತಿರುವುದು ಆ 117ರಲ್ಲಿ. ಡಿಗ್ರಿಯನ್ನು ಪೈನಿಂದ ಗುಣಿಸಿ 180ರಿಂದ ಭಾಗಿಸಿ ಕೊಡಿ. 90 ಡಿಗ್ರಿಗೆ ಸುಮಾರು 1.571 ಬರುತ್ತದೆ.

ಆಂಡ್ರಾಯ್ಡ್ ವ್ಯೂಗೆ ನೇರವಾಗಿ ಡಿಗ್ರಿಯನ್ನೇ ಕೊಡಬಹುದು. ಐಫೋನಿಗೇ ಪರದೆ ಬರೆಯುವ ಹೊಸ ವಿಧಾನ ಸ್ವಿಫ್ಟ್‌ಯುಐನಲ್ಲಿ ಡಿಗ್ರಿಯೋ ರೇಡಿಯನ್ನೋ ಅಂತ ನೀವೇ ಹೇಳಬೇಕು. ಫ್ಲಟರ್‌ನಲ್ಲಿ ಟ್ರಾನ್ಸ್‌ಫಾರ್ಮ್ ರೊಟೇಟ್‌ಗೆ ರೇಡಿಯನ್, ರೊಟೇಷನ್ ಟ್ರಾನ್ಸಿಷನ್‌ಗೆ ಸುತ್ತುಗಳ ಲೆಕ್ಕ. ಅಲ್ಲಿ 1 ಅಂದರೆ ಒಂದು ಪೂರ್ತಿ ಸುತ್ತು.

ಪ್ಲಸ್ ಕೊಟ್ರೆ ಯಾವ ಕಡೆ ತಿರುಗುತ್ತೆ?

ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಗಡಿಯಾರದ ದಿಕ್ಕಿಗೆ. ಅಲ್ಲಿ ವೈ ಅಕ್ಷ ಕೆಳಮುಖವಾಗಿದೆ. ಮ್ಯಾಕ್‌ನಲ್ಲಿ ವೈ ಮೇಲ್ಮುಖ, ಹಾಗಾಗಿ ಅದೇ ಸಂಖ್ಯೆ ಎಡಕ್ಕೆ ತಿರುಗಿಸುತ್ತದೆ. ಶಾಲೆಯ ಗಣಿತದಲ್ಲೂ ಪ್ಲಸ್ ಅಂದರೆ ಎಡಕ್ಕೇ ಅಲ್ವಾ, ನಮ್ಮ ಮೇಷ್ಟ್ರಿಗೆ ಮೊದಲ ವಾರ ಇದೇ ಗೊಂದಲವಾಗಿತ್ತು.

ಗಡಿಯಾರ ಮಾಡ್ತಿದ್ದೀನಿ. ಮುಳ್ಳು ಬುಡದಿಂದ ತಿರುಗಬೇಕು, ಆದ್ರೆ ಹೊಟ್ಟೆಯಿಂದ ತಿರುಗುತ್ತೆ.

ಲಾಲ್‌ಬಾಗಿನ ಹೂವಿನ ಗಡಿಯಾರ ನೋಡಿದ್ದೀರಲ್ಲ, ಅದರ ಮುಳ್ಳುಗಳು ತಿರುಗುವುದು ನಡುವಿನ ಗೂಟದ ಸುತ್ತ. ಲೇಯರ್‌ಗೂ ಅಂಥದೊಂದು ಗೂಟ ಇದೆ. ಅದರ ಹೆಸರು ಆಂಕರ್ ಪಾಯಿಂಟ್. ಅದನ್ನು ಐಫೋನ್ ಪರದೆಯ ಅಳತೆಯಾದ ಪಾಯಿಂಟ್‌ಗಳಲ್ಲಿ ಅಳೆಯುವುದಿಲ್ಲ, 0ಯಿಂದ 1ರ ತನಕದ ಭಾಗವಾಗಿ ಹೇಳುತ್ತಾರೆ. ನೀವು ಏನೂ ಹೇಳದಿದ್ದರೆ ಅದು 0.5, 0.5, ಅಂದರೆ ಸರಿಯಾಗಿ ನಡುಮಧ್ಯೆ. ಅದಕ್ಕೇ ಮುಳ್ಳು ಹೊಟ್ಟೆಯಿಂದ ತಿರುಗುತ್ತಿದೆ. ಬುಡದಿಂದ ತಿರುಗಬೇಕಾದರೆ 0.5, 1.0 ಮಾಡಿ.

ಮಾಡಿದ ಕೂಡಲೇ ಮುಳ್ಳು ಟಕ್ ಅಂತ ಮೇಲಕ್ಕೆ ಹಾರುತ್ತದೆ. ಎಲ್ಲರೂ ಗಾಬರಿಯಾಗುವುದು ಇಲ್ಲೇ. ಲೇಯರ್‌ನ ಪೊಸಿಷನ್ ಅಂದರೆ ಆ ಗೂಟ ಪರದೆಯ ಯಾವ ಜಾಗದಲ್ಲಿ ನೆಟ್ಟಿದೆ ಅನ್ನುವ ಲೆಕ್ಕ. ಗೂಟ ನೆಲದಲ್ಲಿ ಇದ್ದಲ್ಲೇ ಇದೆ. ನೀವು ಮುಳ್ಳಿನ ಬೇರೆ ಜಾಗದಲ್ಲಿ ತೂತು ಕೊರೆದು ಅದೇ ಗೂಟಕ್ಕೆ ಸಿಕ್ಕಿಸಿದಿರಿ. 100 ಪಾಯಿಂಟ್ ಎತ್ತರದ ಮುಳ್ಳಾದರೆ ಸರಿಯಾಗಿ 50 ಪಾಯಿಂಟ್ ಮೇಲೇರುತ್ತದೆ. ಗಡಿಯಾರಕ್ಕೆ ನಮಗೆ ಬೇಕಿರುವುದೂ ಅದೇ. ಪೊಸಿಷನ್ ಅನ್ನು ಡಯಲಿನ ನಡುವಿಗೆ ಇಡಿ, ಆಂಕರ್ ಬುಡಕ್ಕೆ ಇಡಿ, ಮುಗಿಯಿತು. ಕಾಣುವ ಜಾಗ ಕದಲಬಾರದು ಅನ್ನುವ ಬೇರೆ ಕಡೆಗಳಲ್ಲಿ, ಆಂಕರ್ ಎಷ್ಟು ಸರಿಯಿತೋ ಅಷ್ಟೇ ಪೊಸಿಷನ್ನನ್ನೂ ಸರಿಸಬೇಕು.

ಒಂದು ಸಣ್ಣ ವಿಷಯ. ಮನೆಯ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳನ್ನು ಹತ್ತಿರ ಹೋಗಿ ನೋಡಿ. ಗೂಟದ ಆಚೆಗೂ ಒಂದು ಪುಟ್ಟ ಬಾಲ ಇರುತ್ತದೆ. ಬಾಲ ಬೇಕಾದರೆ ಆಂಕರ್ 1.0 ಅಲ್ಲ, 0.8 ಅಥವಾ 0.85 ಇಟ್ಟು ನೋಡಿ. ಇಷ್ಟರಿಂದಲೇ ಗಡಿಯಾರಕ್ಕೆ ಜೀವ ಬರುತ್ತದೆ.

ಆಂಡ್ರಾಯ್ಡ್ ವ್ಯೂನಲ್ಲಿ ಇದರ ಹೆಸರು ಪಿವಟ್, ಅಳತೆ ಪಿಕ್ಸೆಲ್‌ನಲ್ಲಿ. ಆಂಡ್ರಾಯ್ಡ್‌ನ ಹೊಸ ವಿಧಾನವಾದ ಕಂಪೋಸ್‌ನಲ್ಲಿ ಟ್ರಾನ್ಸ್‌ಫಾರ್ಮ್ ಒರಿಜಿನ್, ಅಲ್ಲಿ ಮತ್ತೆ 0ಯಿಂದ 1.

ತಿರುಗಿಸಿದ ಮೇಲೆ ಫ್ರೇಮ್ ಕೇಳಿದ್ರೆ ಅಳತೆ ತಪ್ಪು ಬರ್ತಿದೆ.

ಫ್ರೇಮ್ ಅಂದರೆ ವ್ಯೂವನ್ನು ಸುತ್ತುವರಿಯುವ ನೇರ ಪೆಟ್ಟಿಗೆಯ ಜಾಗ, ಅಳತೆ. ತಿರುಗಿಸಿದ ವ್ಯೂನ ಫ್ರೇಮ್ ನಂಬಬೇಡಿ. 100ಕ್ಕೆ 100ರ ಚೌಕವನ್ನು 45 ಡಿಗ್ರಿ ತಿರುಗಿಸಿದರೆ ಅದನ್ನು ಸುತ್ತುವರಿಯುವ ನೇರ ಪೆಟ್ಟಿಗೆ 141ರಷ್ಟಾಗುತ್ತದೆ. ಚೌಕದ ನಿಜವಾದ ಅಳತೆ ಬೌಂಡ್ಸ್‌ನಲ್ಲಿದೆ, ಜಾಗ ಸೆಂಟರ್‌ನಲ್ಲಿದೆ. ಓದುವುದಕ್ಕೂ ಬದಲಿಸುವುದಕ್ಕೂ ಅವೆರಡನ್ನೇ ಬಳಸಿ.

## ಚಲನೆ ಶುರುವಾದ ಮೇಲೆ

ಅನಿಮೇಷನ್ ಚೆನ್ನಾಗೇ ಆಗುತ್ತೆ. ಮುಗಿದ ತಕ್ಷಣ ಚಿತ್ರ ಹಳೇ ಜಾಗಕ್ಕೇ ವಾಪಸ್ ಹಾರುತ್ತೆ. ಯಾಕೆ ಸಾರ್ ಅಂತ ಯಾರನ್ನ ಕೇಳಿದ್ರೂ ಒಂದೊಂದು ಹೇಳ್ತಾರೆ.

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ತೊಗಲುಗೊಂಬೆ ಆಟ ನೆನಪಿಸಿಕೊಳ್ಳಿ. ಪರದೆಯ ಮೇಲೆ ಕಾಣುವುದು ಗೊಂಬೆಯ ನೆರಳು, ಗೊಂಬೆ ಪರದೆಯ ಹಿಂದೆ ಆಡಿಸುವವರ ಕೈಯಲ್ಲಿದೆ. ಕೋರ್ ಅನಿಮೇಷನ್‌ನಲ್ಲೂ ಹೀಗೇ ಎರಡಿವೆ. ಮಾಡೆಲ್ ಲೇಯರ್‌ನಲ್ಲಿ ನೀವು ಬರೆದಿಟ್ಟ ಬೆಲೆ ಇರುತ್ತದೆ. ಪ್ರೆಸೆಂಟೇಷನ್ ಲೇಯರ್‌ನಲ್ಲಿ ಈ ಕ್ಷಣ ಕಣ್ಣಿಗೆ ಕಾಣುವ ಬೆಲೆ ಇರುತ್ತದೆ. ಒಂದು ಬೆಲೆಯಿಂದ ಇನ್ನೊಂದಕ್ಕೆ ಒಯ್ಯುವ ಬೇಸಿಕ್ ಅನಿಮೇಷನ್ ಸೇರಿಸಿದಾಗ ಆಡುವುದು ಎರಡನೆಯದು ಮಾತ್ರ. ಮೊದಲನೆಯದನ್ನು ಅದು ಮುಟ್ಟುವುದೇ ಇಲ್ಲ. ಅನಿಮೇಷನ್ ಮುಗಿದು ಕಳಚಿಕೊಂಡಾಗ ಪರದೆ ಮತ್ತೆ ಮಾಡೆಲ್‌ನ ಬೆಲೆಯನ್ನೇ ತೋರಿಸುತ್ತದೆ. ಅಲ್ಲಿ ಇನ್ನೂ ಹಳೇ ಕೋನವೇ ಇದೆ.

ಹಾಗಾಗಿ ಕೊನೆಯ ಬೆಲೆಯನ್ನು ಮೊದಲೇ ಮಾಡೆಲ್‌ಗೆ ಬರೆಯಿರಿ. ಆಮೇಲೆ ಹಳೇ ಬೆಲೆಯಿಂದ ಹೊಸ ಬೆಲೆಗೆ ಅನಿಮೇಷನ್ ಸೇರಿಸಿ. ಅದು ಮುಗಿದು ಕಳಚಿದಾಗ ಕೆಳಗೆ ಸರಿಯಾದ ಬೆಲೆ ಕಾದಿರುತ್ತದೆ. ವ್ಯೂಗೆ ಸೇರದ, ನೀವೇ ಮಾಡಿ ಹಾಕಿದ ಲೇಯರ್ ಆದರೆ ಇನ್ನೊಂದು ಎಚ್ಚರ ಬೇಕು. ಬೆಲೆ ಬದಲಿಸಿದರೆ ಸಾಕು, ಅದು ತಾನಾಗಿಯೇ 0.25 ಸೆಕೆಂಡಿನ ಚಲನೆ ಶುರು ಮಾಡುತ್ತದೆ. ಬೇಡವಾದರೆ ಬದಲಾವಣೆಗಳನ್ನು ಒಟ್ಟುಗೂಡಿಸುವ ಟ್ರಾನ್ಸಾಕ್ಷನ್ ತೆರೆದು ಡಿಸೇಬಲ್ ಆಕ್ಷನ್ಸ್ ಆನ್ ಮಾಡಿ.

ತುಂಬ ಜನ ಹೇಳಿಕೊಡುವ ಇನ್ನೊಂದು ದಾರಿ ಇದೆ: ಮುಗಿದ ಮೇಲೂ ಅನಿಮೇಷನ್ ತೆಗೆಯಬೇಡ ಅನ್ನುವುದು, ಕೊನೆಯ ನೋಟ ಹಾಗೇ ಉಳಿಯಲಿ ಅಂತ ಫಿಲ್ ಮೋಡ್ ಫಾರ್ವರ್ಡ್ಸ್ ಇಡುವುದು. ಕಣ್ಣಿಗೆ ಸರಿ ಕಾಣುತ್ತದೆ. ಆದರೆ ನೆರಳು ಒಂದು ಕಡೆ, ಗೊಂಬೆ ಇನ್ನೊಂದು ಕಡೆ ಉಳಿದುಬಿಡುತ್ತವೆ. ಮುಂದೆ ಯಾರೋ ಕೋನ ಓದಿದಾಗ 0 ಸಿಗುತ್ತದೆ, ಬಟನ್ ಕಾಣುವ ಜಾಗದಲ್ಲಿ ಮುಟ್ಟಿದರೆ ಕೇಳುವುದಿಲ್ಲ, ತಿಂಗಳ ನಂತರ ಬಂದ ದೋಷಕ್ಕೆ ಕಾರಣವೇ ಸಿಗುವುದಿಲ್ಲ. ಆ ದಾರಿ ಹಿಡಿಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

360 ಡಿಗ್ರಿ ತಿರುಗು ಅಂದೆ. ಅಲುಗಾಡ್ಲೇ ಇಲ್ಲ.

ವ್ಯೂಗಳನ್ನು ಆಡಿಸುವ ಯುಐ ವ್ಯೂ ಅನಿಮೇಟ್ ಒಳಗೆ ಟ್ರಾನ್ಸ್‌ಫಾರ್ಮ್ ಕೊಟ್ಟಿದ್ದೀರಿ, ಅಲ್ವಾ? ಟ್ರಾನ್ಸ್‌ಫಾರ್ಮ್ ಅಂದರೆ ಒಂದು ಮ್ಯಾಟ್ರಿಕ್ಸ್, ಎಷ್ಟು ತಿರುಗಿಸಬೇಕು, ಎಷ್ಟು ಸರಿಸಬೇಕು ಅನ್ನುವುದನ್ನು ಹಿಡಿದಿಡುವ ಸಂಖ್ಯೆಗಳ ಕೋಷ್ಟಕ. 0 ಡಿಗ್ರಿಯ ಮ್ಯಾಟ್ರಿಕ್ಸ್, 360 ಡಿಗ್ರಿಯ ಮ್ಯಾಟ್ರಿಕ್ಸ್ ಎರಡೂ ಒಂದೇ. ಎಷ್ಟು ಸುತ್ತು ಸುತ್ತಿ ಬಂದಿರಿ ಅನ್ನುವ ನೆನಪು ಅದರಲ್ಲಿಲ್ಲ. ಹೊರಟ ಜಾಗ, ಸೇರುವ ಜಾಗ ಒಂದೇ ಆದಾಗ ಅದು ಸುಮ್ನೆ ಕೂರುತ್ತದೆ. ಇದೇ ಕಾರಣಕ್ಕೆ 270 ಕೊಟ್ಟರೆ ಹತ್ತಿರದ ದಾರಿ ಹಿಡಿದು 90 ಡಿಗ್ರಿ ಹಿಂದಕ್ಕೆ ತಿರುಗುತ್ತದೆ. 180ಕ್ಕೆ ಎರಡೂ ಕಡೆ ಸಮದೂರ, ದಶಾಂಶದ ಸಣ್ಣ ವ್ಯತ್ಯಾಸವೇ ದಿಕ್ಕನ್ನು ತೀರ್ಮಾನಿಸುತ್ತದೆ.

ಸುತ್ತಿನ ಲೆಕ್ಕ ಉಳಿಯಬೇಕಾದರೆ ಮ್ಯಾಟ್ರಿಕ್ಸ್ ಬಿಟ್ಟು ಬರೀ ಕೋನವನ್ನು ಆಡಿಸಿ. ಬೇಸಿಕ್ ಅನಿಮೇಷನ್‌ನಲ್ಲಿ ಯಾವ ಗುಣ ಆಡಬೇಕು ಅಂತ ಹೇಳುವ ಕೀ ಪಾತ್ ಅನ್ನು ಟ್ರಾನ್ಸ್‌ಫಾರ್ಮ್ ಡಾಟ್ ರೊಟೇಷನ್ ಡಾಟ್ ಝಡ್ ಅಂತ ಇಟ್ಟು, 0ಯಿಂದ 2 ಪೈಗೆ ಹೋಗು ಅನ್ನಿ. ನಿಲ್ಲದೆ ಸುತ್ತಬೇಕಾದರೆ ರಿಪೀಟ್ ಕೌಂಟ್ ಇನ್ಫಿನಿಟಿ.

ವೇಗವೂ ಗಮನಿಸಿ. ಯುಐ ವ್ಯೂ ಅನಿಮೇಟ್ ನಿಧಾನ ಶುರುವಾಗಿ ನಿಧಾನ ನಿಲ್ಲುತ್ತದೆ. ಆಂಡ್ರಾಯ್ಡ್‌ನ ಆಬ್ಜೆಕ್ಟ್ ಅನಿಮೇಟರ್ ಕೂಡ ಹಾಗೇ. ಲೋಡಿಂಗ್ ಚಕ್ರಕ್ಕೆ ಅದು ಹೊಂದುವುದಿಲ್ಲ, ಪ್ರತಿ ಸುತ್ತಿಗೂ ಉಸಿರು ಬಿಟ್ಟ ಹಾಗೆ ಕಾಣುತ್ತದೆ. ಅಲ್ಲಿ ಲೀನಿಯರ್, ಅಂದರೆ ಶುರುವಿನಿಂದ ಕೊನೆತನಕ ಒಂದೇ ವೇಗ, ಬೇಕು.

ಮ್ಯಾಪ್ ಮೇಲಿನ ಬಾಣ ಉತ್ತರಕ್ಕೆ ಬಂದಾಗ ಮಾತ್ರ ಒಂದು ಪೂರ್ತಿ ಗಿರಕಿ ಹೊಡೆಯುತ್ತೆ.

ಇದು ನನ್ನದೇ ಅನುಭವ. ಹಿಂದೆ ಒಂದು ಸಂಸ್ಥೆಗೆ ಬಸ್ಸು ಎಲ್ಲಿದೆ ಅಂತ ತೋರಿಸುವ ಆ್ಯಪ್ ಬರೆದಿದ್ದೆ. ಕಚೇರಿಯಲ್ಲಿ ಎಲ್ಲ ಸರಿಯಿತ್ತು. ಫೋನ್ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕನಕಪುರ ರಸ್ತೆಯಲ್ಲಿ ಬನಶಂಕರಿಯಿಂದ ಸೌತ್ ಎಂಡ್ ಸರ್ಕಲ್ ಕಡೆ ಹೊರಟೆ. ಆ ರಸ್ತೆ ಹೆಚ್ಚುಕಡಿಮೆ ಉತ್ತರಕ್ಕೇ ಹೋಗುತ್ತದೆ. ಬಸ್ಸು ಸ್ವಲ್ಪ ಆಚೀಚೆ ವಾಲಿದರೂ ಸಾಕು, ಬಾಣ ಬುಗುರಿಯ ಹಾಗೆ ಗಿರ್ರನೆ ಸುತ್ತುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಬಗ್ಗಿ ನೋಡಿ, "ಯಾಕಮ್ಮಾ, ಇದು ದಾರಿ ತಪ್ಪಿದೆಯಾ?" ಅಂದರು.

ಆಗಿದ್ದು ಇಷ್ಟು. ದಿಕ್ಕು 358 ಇದ್ದದ್ದು 2 ಆಯಿತು. ನಿಜವಾಗಿ ತಿರುಗಿದ್ದು 4 ಡಿಗ್ರಿ. ಆದರೆ ಬರೀ ಸಂಖ್ಯೆ ನೋಡುವ ಅನಿಮೇಷನ್‌ಗೆ 358ರಿಂದ 2ಕ್ಕೆ ಹೋಗಬೇಕಾದರೆ 356 ಹಿಂದಕ್ಕೆ ಎಣಿಸಬೇಕು. ಪರಿಹಾರ ಒಂದೇ ಸಾಲು: ಹೊಸ ದಿಕ್ಕಿನಿಂದ ಹಳೇ ದಿಕ್ಕನ್ನು ಕಳೆಯಿರಿ, 540 ಸೇರಿಸಿ, 360ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ, ಅದರಿಂದ 180 ಕಳೆಯಿರಿ. ಮೇಲಿನ ಲೆಕ್ಕಕ್ಕೆ 4 ಬರುತ್ತದೆ, ತಿರುಗು ಮುರುಗು ಆದರೆ ಮೈನಸ್ 4. ಈ ವ್ಯತ್ಯಾಸವನ್ನು ಬೇರೆಯಾಗಿ ಇಟ್ಟುಕೊಂಡ ಓಡುವ ಮೊತ್ತಕ್ಕೆ ಸೇರಿಸುತ್ತಾ ಹೋಗಿ. ಬಾಣದ ಕೋನ 362 ಆದರೂ ಚಿಂತೆ ಇಲ್ಲ, 1082 ಆದರೂ ಚಿಂತೆ ಇಲ್ಲ. ಆಂಡ್ರಾಯ್ಡ್, ಫ್ಲಟರ್, ಸ್ವಿಫ್ಟ್‌ಯುಐ ಎಲ್ಲ ಕಡೆ ಇದೇ ಲೆಕ್ಕ ನಡೆಯುತ್ತದೆ.

ನಡುವೆ ನಿಲ್ಲಿಸಿ, ನಿಂತಲ್ಲಿಂದಲೇ ಮುಂದುವರಿಸೋದು ಹೇಗೆ?

ಪ್ರತಿ ಲೇಯರ್‌ಗೂ ತನ್ನದೇ ಕಾಲ ಇದೆ. ಸ್ಪೀಡ್ 0 ಮಾಡಿದರೆ ಆ ಕಾಲ ನಿಲ್ಲುತ್ತದೆ. ನಿಲ್ಲಿಸುವ ಮೊದಲು ಈಗಿನ ಸಮಯವನ್ನು ಲೇಯರ್‌ನ ಕಾಲಕ್ಕೆ ಪರಿವರ್ತಿಸಿ ಟೈಮ್ ಆಫ್‌ಸೆಟ್‌ನಲ್ಲಿ ಇಡಬೇಕು, ಇಲ್ಲದಿದ್ದರೆ ಚಿತ್ರ ಮೊದಲಿಗೆ ಹಾರುತ್ತದೆ. ಮತ್ತೆ ಶುರು ಮಾಡುವಾಗ ಆ ಆಫ್‌ಸೆಟ್ ಎತ್ತಿಟ್ಟುಕೊಂಡು ಸ್ಪೀಡ್ 1, ಆಫ್‌ಸೆಟ್ 0, ಬಿಗಿನ್ ಟೈಮ್ 0 ಮಾಡಿ. ಆಮೇಲೆ ಎಷ್ಟು ಹೊತ್ತು ನಿಂತಿತ್ತು ಅನ್ನುವುದನ್ನು ಬಿಗಿನ್ ಟೈಮ್‌ಗೆ ಕೊಡಿ. ಒಳಗಿನ ಎಲ್ಲ ಲೇಯರ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಬೆರಳಿನ ಜೊತೆ ಹಿಂದೆ ಮುಂದೆ ಎಳೆಯುವಂಥದ್ದು ಬೇಕಾದರೆ 2016ರಲ್ಲಿ ಐಒಎಸ್ 10ರ ಜೊತೆ ಬಂದ ಪ್ರಾಪರ್ಟಿ ಅನಿಮೇಟರ್ ಜಾಸ್ತಿ ಅನುಕೂಲ.

ಫೋನ್ ಬಂತು ಅಂತ ಬೇರೆ ಆ್ಯಪ್‌ಗೆ ಹೋಗಿ ಬಂದೆ. ಚಕ್ರ ನಿಂತೇ ಹೋಗಿತ್ತು.

ಆ್ಯಪ್ ಹಿಂದಕ್ಕೆ ಸರಿದಾಗ ಐಫೋನ್ ಲೇಯರ್‌ಗಳ ಅನಿಮೇಷನ್ ತೆಗೆದುಹಾಕುತ್ತದೆ. ಮುಂದಕ್ಕೆ ಬಂದ ಸೂಚನೆ ಸಿಕ್ಕಾಗ ಮತ್ತೆ ಸೇರಿಸಿ. ಕೊನೆಯಿಲ್ಲದ ಸುತ್ತಿಗಾದರೆ ರಿಮೂವ್ಡ್ ಆನ್ ಕಂಪ್ಲೀಷನ್ ಅನ್ನು ಫಾಲ್ಸ್ ಮಾಡಿದರೂ ನಡೆಯುತ್ತದೆ. ಮುಗಿಯುವ ಅನಿಮೇಷನ್‌ಗೆ ಹಾಗೆ ಮಾಡಬೇಡಿ ಅಂದೆ, ಮುಗಿಯದ್ದಕ್ಕೆ ಆ ತೊಂದರೆ ಇಲ್ಲ.

ಓಡ್ತಿರೋ ಬಲೂನ್ ಮುಟ್ಟಿದ್ರೆ ಒಡೆಯಲ್ಲ, ಖಾಲಿ ಜಾಗ ಮುಟ್ಟಿದ್ರೆ ಒಡೆಯುತ್ತೆ!

ಸ್ಪರ್ಶದ ಲೆಕ್ಕ ನಡೆಯುವುದು ಮಾಡೆಲ್ ಬೆಲೆಯ ಮೇಲೆ. ಬಲೂನು ಕಣ್ಣಿಗೆ ಇನ್ನೂ ದಾರಿಯಲ್ಲಿದೆ, ಲೆಕ್ಕದಲ್ಲಿ ಆಗಲೇ ಕೊನೆ ಸೇರಿದೆ. ಬೆರಳು ತಾಗಿದ ಬಿಂದುವನ್ನು ಪ್ರೆಸೆಂಟೇಷನ್ ಲೇಯರ್‌ನ ಹಿಟ್ ಟೆಸ್ಟ್‌ಗೆ ಕೊಡಿ, ಬಿಂದು ಲೇಯರ್ ಮೇಲಿದೆಯಾ ಅಂತ ನೋಡುವುದು ಅದೇ. ಯುಐ ವ್ಯೂ ಅನಿಮೇಟ್ ಬಳಸಿದ್ದರೆ ಅಲೋ ಯೂಸರ್ ಇಂಟರಾಕ್ಷನ್ ಆಯ್ಕೆಯೂ ಬೇಕು.

## ಇನ್ನೂ ಒಳಗೆ

ಜೈಂಟ್ ವೀಲ್ ಮಾಡಿದೆ. ಚಕ್ರ ತಿರುಗಿದಾಗ ತೊಟ್ಟಿಲಲ್ಲಿ ಕೂತವರೆಲ್ಲ ತಲೆಕೆಳಗಾಗ್ತಾರೆ.

ಕಡಲೆಕಾಯಿ ಪರಿಷೆ ಮುಗಿದ ವಾರ ಒಬ್ಬ ಹುಡುಗ ತಂದ ಪ್ರಶ್ನೆ ಇದು, ನನಗೆ ತುಂಬ ಇಷ್ಟವಾಯಿತು. ತಾಯಿ ಲೇಯರ್ ತಿರುಗಿದರೆ ಮಕ್ಕಳೂ ಜೊತೆಗೇ ತಿರುಗುತ್ತಾರೆ. ನಿಜವಾದ ಜೈಂಟ್ ವೀಲ್‌ನಲ್ಲಿ ತೊಟ್ಟಿಲು ಮೇಲಿನ ಕೀಲಿಗೆ ತೂಗುಬಿದ್ದಿರುತ್ತದೆ, ಭಾರಕ್ಕೆ ತಾನೇ ನೆಟ್ಟಗಾಗುತ್ತದೆ. ಲೇಯರ್‌ಗೆ ಭಾರ ಇಲ್ಲ. ಆ ಕೆಲಸ ನಾವು ಮಾಡಬೇಕು.

ಚಕ್ರ 0ಯಿಂದ 2 ಪೈಗೆ ಹೋದರೆ ಪ್ರತಿ ತೊಟ್ಟಿಲೂ 0ಯಿಂದ ಮೈನಸ್ 2 ಪೈಗೆ ಹೋಗಲಿ. ಅವಧಿ ಒಂದೇ, ವೇಗದ ರೀತಿ ಒಂದೇ, ಶುರುವಾಗುವ ಕ್ಷಣವೂ ಒಂದೇ ಇರಬೇಕು. ಒಂದು ಲೀನಿಯರ್, ಇನ್ನೊಂದು ನಿಧಾನ ಶುರುವಿನದ್ದು ಆದರೆ ನಡುದಾರಿಯಲ್ಲಿ ತೊಟ್ಟಿಲು ವಾಲುತ್ತದೆ. ತೊಟ್ಟಿಲಿನ ಆಂಕರ್ ಅನ್ನು 0.5, 0ಗೆ ಇಡಿ, ಆಗ ಅದು ಮೇಲಿನ ಕೀಲಿನಿಂದ ತೂಗುತ್ತದೆ. ಎಲ್ಲ ಸರಿಹೋದ ಮೇಲೆ ಆ ಹುಡುಗ ತೊಟ್ಟಿಲಿಗೆ 3 ಡಿಗ್ರಿಯ ಸಣ್ಣ ಓಲಾಟ ಸೇರಿಸಿದ. ಅಡಿಟಿವ್ ಅನ್ನುವ ಗುಣ ಆನ್ ಮಾಡಿದರೆ ಒಂದರ ಮೇಲೊಂದು ಅನಿಮೇಷನ್ ಕೂಡಿಕೊಳ್ಳುತ್ತದೆ. ಮಹಡಿಯಲ್ಲಿದ್ದ ಎಲ್ಲರೂ ಎದ್ದು ಬಂದು ಅವನ ಫೋನ್ ನೋಡಿದರು.

ತಿರುಗಿಸೋದು ಮೊದಲಾ, ಸರಿಸೋದು ಮೊದಲಾ?

ಗಾಂಧಿ ಬಜಾರಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. 20 ಹೆಜ್ಜೆ ನಡೆದು ಬಲಕ್ಕೆ ತಿರುಗಿದರೆ ನೀವು ಅದೇ ರಸ್ತೆಯಲ್ಲೇ ಇರುತ್ತೀರಿ. ಬಲಕ್ಕೆ ತಿರುಗಿ 20 ಹೆಜ್ಜೆ ನಡೆದರೆ ಅಡ್ಡರಸ್ತೆಯಲ್ಲಿರುತ್ತೀರಿ. ಟ್ರಾನ್ಸ್‌ಫಾರ್ಮ್‌ಗೂ ಹಾಗೇ ಕ್ರಮ ಮುಖ್ಯ. ಐಫೋನಿನಲ್ಲಿ ತಿರುಗಿಸಿದ ಟ್ರಾನ್ಸ್‌ಫಾರ್ಮ್ ಮೇಲೆ ಟ್ರಾನ್ಸ್‌ಲೇಟೆಡ್ ಬೈ ಕರೆದರೆ, ಸರಿಯುವುದು ತಿರುಗಿದ ಅಕ್ಷದ ಉದ್ದಕ್ಕೆ.

ಕಾರ್ಡ್ ಮಗುಚಿದ್ರೆ ಕಾರ್ಡ್ ಥರ ಕಾಣಲ್ಲ, ಅಗಲ ಕಮ್ಮಿ ಆದ ಹಾಗೆ ಅಷ್ಟೇ ಕಾಣುತ್ತೆ.

ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಅನ್ನುವ ನೋಟವನ್ನು ನಾವೇ ಸೇರಿಸಬೇಕು. ಮೂರು ಆಯಾಮದ ಟ್ರಾನ್ಸ್‌ಫಾರ್ಮ್‌ನಲ್ಲಿ 16 ಸಂಖ್ಯೆಗಳಿವೆ. ಅದರಲ್ಲಿ ಎಂ34 ಅನ್ನುವುದಕ್ಕೆ ಮೈನಸ್ 1 ಭಾಗಿಸು 500 ಕೊಡಿ. 500 ಅಂದರೆ ಕಣ್ಣು ಎಷ್ಟು ದೂರದಲ್ಲಿದೆ ಅನ್ನುವ ಲೆಕ್ಕ. ಅದನ್ನು 200 ಮಾಡಿದರೆ ನೋಟ ಅತಿಯಾಗುತ್ತದೆ, 1000 ಮಾಡಿದರೆ ಮೆತ್ತಗಾಗುತ್ತದೆ. ಎಂ34 ಮೊದಲು ಇಡಿ, ಆಮೇಲೆ ತಿರುಗಿಸಿ. ಹಲವು ಕಾರ್ಡ್‌ಗಳಿದ್ದರೆ ತಾಯಿಯ ಸಬ್‌ಲೇಯರ್ ಟ್ರಾನ್ಸ್‌ಫಾರ್ಮ್‌ನಲ್ಲಿ ಒಂದೇ ಸಲ ಇಟ್ಟರೆ ಎಲ್ಲವನ್ನೂ ಒಂದೇ ಕಣ್ಣಿನಿಂದ ನೋಡಿದ ಹಾಗಿರುತ್ತದೆ.

ಮಗುಚುವಾಗ ಕಾರ್ಡಿನ ಅರ್ಧ ಮಾಯವಾಗುತ್ತಿದ್ದರೆ, ಆ ಅರ್ಧ ಹಿನ್ನೆಲೆಯ ಲೇಯರ್ ಒಳಗೆ ಹೊಕ್ಕಿದೆ ಅಂತ ಅರ್ಥ. ಕಾರ್ಡಿನ ಝಡ್ ಪೊಸಿಷನ್ ಅನ್ನು ಅದರ ಅಗಲದ ಅರ್ಧಕ್ಕಿಂತ ಜಾಸ್ತಿ ಮಾಡಿ. ಮುಂಬದಿ, ಹಿಂಬದಿ ಎರಡು ಲೇಯರ್ ಇದ್ದರೆ ಎರಡಕ್ಕೂ ಡಬಲ್ ಸೈಡೆಡ್ ಆಫ್ ಮಾಡಿ, ಹಿಂಬದಿಯನ್ನು ಮೊದಲೇ 180 ಡಿಗ್ರಿ ಮಗುಚಿಡಿ. ಇವೆರಡನ್ನು ಹೊರುವ ತಾಯಿ ಟ್ರಾನ್ಸ್‌ಫಾರ್ಮ್ ಲೇಯರ್ ಆಗಿರಲಿ. ಸಾಮಾನ್ಯ ಲೇಯರ್ ಮಕ್ಕಳನ್ನೆಲ್ಲ ಹಪ್ಪಳದ ಹಾಗೆ ಒಂದೇ ಮಟ್ಟಕ್ಕೆ ತಟ್ಟಿಬಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ಕಣ್ಣಿನ ದೂರಕ್ಕೆ ಕ್ಯಾಮೆರಾ ಡಿಸ್ಟನ್ಸ್ ಇದೆ.

ಓರೆ ಮಾಡಿದ ಚಿತ್ರದ ಅಂಚು ಗರಗಸದ ಹಾಗೆ ಕಾಣುತ್ತೆ.

ಅಲೋಸ್ ಎಡ್ಜ್ ಆಂಟಿಏಲಿಯಾಸಿಂಗ್ ಆನ್ ಮಾಡಿ. ಇನ್ನೊಂದು ಹಳೇ ಉಪಾಯ: ಚಿತ್ರದ ಸುತ್ತ ಒಂದು ಪಿಕ್ಸೆಲ್ ಪಾರದರ್ಶಕ ಅಂಚು ಬಿಡುವುದು.

ನನ್ನ ಫೋನಲ್ಲಿ ನುಣುಪಾಗಿದೆ. ಹಳೇ ಫೋನಲ್ಲಿ ತಡವರಿಸುತ್ತೆ.

60 ಹರ್ಟ್ಸ್ ಪರದೆಗೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. 120 ಹರ್ಟ್ಸ್ ಆದರೆ ಅದರ ಅರ್ಧ. ತಿರುಗಿಸುವ ಕೆಲಸವೇ ಅಗ್ಗ. ಲೇಯರ್ ಅನಿಮೇಷನ್ ಅನ್ನು ನಿಮ್ಮ ಆ್ಯಪ್ ಅಲ್ಲ, ಸಿಸ್ಟಮ್‌ನ ಬೇರೊಂದು ಪ್ರೊಸೆಸ್ ಓಡಿಸುತ್ತದೆ. ದುಬಾರಿಯಾಗುವುದು ಜೊತೆಗಿರುವ ಅಲಂಕಾರ. ಮೊದಲು ನೆರಳು ನೋಡಿ. ಶ್ಯಾಡೋ ಪಾತ್ ಕೊಡದಿದ್ದರೆ ನೆರಳಿನ ಆಕಾರವನ್ನು ಲೇಯರ್‌ನ ಚಿತ್ರದಿಂದಲೇ ಹುಡುಕಿ ತೆಗೆಯಬೇಕಾಗುತ್ತದೆ. ಪಾತ್ ಕೊಟ್ಟ ಒಂದೇ ಸಾಲಿನಿಂದ ತಡವರಿಕೆ ನಿಂತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಮೇಲೆ ಲೇಯರನ್ನು ಒಂದು ಆಕಾರಕ್ಕೆ ಕತ್ತರಿಸಿ ತೋರಿಸುವ ಮಾಸ್ಕ್‌ಗಳನ್ನು ನೋಡಿ.

ಒಳಗೆ ಬದಲಾಗದ, ಹಲವು ಮಕ್ಕಳಿರುವ ಲೇಯರ್ ಆದರೆ, ಎಲ್ಲವನ್ನೂ ಒಂದೇ ಚಿತ್ರವಾಗಿ ಮಾಡಿಟ್ಟುಕೊಳ್ಳುವ ಶುಡ್ ರಾಸ್ಟರೈಸ್ ಆನ್ ಮಾಡಬಹುದು. ರಾಸ್ಟರೈಸೇಷನ್ ಸ್ಕೇಲ್ ಅನ್ನು ಪರದೆಯ ಸ್ಕೇಲಿಗೆ ಸರಿಹೊಂದಿಸಿ, ಇಲ್ಲದಿದ್ದರೆ ಮಬ್ಬಾಗುತ್ತದೆ. ಒಳಗಿನ ಚಿತ್ರ ಪ್ರತಿ ಕ್ಷಣ ಬದಲಾಗುತ್ತಿದ್ದರೆ ಇದರಿಂದ ನಷ್ಟವೇ. ಆಂಡ್ರಾಯ್ಡ್‌ನ ಹಾರ್ಡ್‌ವೇರ್ ಲೇಯರ್ ಕೂಡ ಇದೇ ಜಾತಿ. ಚಲನೆ ಶುರುವಾದಾಗ ಆನ್ ಮಾಡಿ, ಮುಗಿದಾಗ ಆಫ್ ಮಾಡಿ.

ನಮ್ಮಮ್ಮ ಆ್ಯಪ್ ತೆರೆದ್ರೆ ತಲೆ ಸುತ್ತುತ್ತೆ ಅಂತಾರೆ. ಏನು ಮಾಡ್ಲಿ?

ಅವರ ಮಾತು ಪೂರ್ತಿ ನಿಜ. ಒಳಗಿವಿಯ ಸಮತೋಲನದ ತೊಂದರೆ ಇರುವವರಿಗೆ ಪರದೆ ತುಂಬ ಸುತ್ತುವ, ನುಗ್ಗಿ ಬರುವ ಚಲನೆ ಕಂಡರೆ ವಾಕರಿಕೆ ಬರಬಹುದು. ಐಫೋನ್ ಸೆಟ್ಟಿಂಗ್ಸ್‌ನಲ್ಲಿ ರೆಡ್ಯೂಸ್ ಮೋಷನ್ ಇದೆ. ಆಂಡ್ರಾಯ್ಡ್‌ನಲ್ಲೂ ಅನಿಮೇಷನ್ ತೆಗೆಯುವ ಆಯ್ಕೆ ಇದೆ. ಆದರೆ ನೀವು ಬರೆದ ತಿರುವನ್ನು ಐಫೋನ್ ತಾನಾಗಿ ನಿಲ್ಲಿಸುವುದಿಲ್ಲ. ಈಸ್ ರೆಡ್ಯೂಸ್ ಮೋಷನ್ ಎನೇಬಲ್ಡ್ ಅಂತ ಕೇಳಿ, ಹೌದು ಅಂದರೆ ಕಾರ್ಡ್ ಮಗುಚುವ ಬದಲು ಒಂದು ಮಸುಕಾಗಿ ಇನ್ನೊಂದು ಮೂಡುವ ಹಾಗೆ ಮಾಡಿ. ಪುಟ್ಟ ಲೋಡಿಂಗ್ ಚಕ್ರ ಇರಲಿ, ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಪರದೆ ಅಗಲದ ತಿರುವುಗಳನ್ನು ಮೊದಲು ತೆಗೆಯಿರಿ. ಬದಲಿಸಿದ ಮೇಲೆ ಫೋನನ್ನು ಅಮ್ಮನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಹತ್ತು ನಿಮಿಷ ನೋಡಿ.